ಗೋಡೆಗೆ ಕಲ್ಲು, ಎದೆಯಲ್ಲಿ ಧೂಳು

ಕಾಮಗಾರ ಬಂಧುಗಳೇ,

ಈಚೆಗೆ ನಮ್ಮವರ ಖೋಲಿಗಳಲ್ಲಿ ಹೊಸದೊಂದು ಹುಚ್ಚು ಹಬ್ಬಿದೆ. ಟಿ.ವಿ. ಇಡುವ ಗೋಡೆಗೆ ಕಲ್ಲಿನ ಪಟ್ಟಿ ಹೊದಿಸಬೇಕಂತೆ. ಹೋಟೆಲಿನ ಗಲ್ಲೆಯ ಹಿಂದಿನ ಗೋಡೆಯಂತೆ ನಮ್ಮ ಗೋಡೆಯೂ ಥಳಥಳಿಸಬೇಕಂತೆ. ಸಂತೋಷ. ಜೀವಮಾನವೆಲ್ಲ ಇನ್ನೊಬ್ಬರ ಗೋಡೆ ಒರೆಸಿದವನಿಗೆ ತನ್ನದೊಂದು ಗೋಡೆ ಚೆಂದವಿರಲಿ ಎಂಬ ಆಸೆ ಹುಟ್ಟಿದರೆ ಅದನ್ನು ಹಂಗಿಸಲು ನಾನು ಯಾರು? ಆದರೆ ಆ ಕಲ್ಲನ್ನು ಯಾರು ಕೊಯ್ಯುತ್ತಾರೆ, ಹೇಗೆ ಕೊಯ್ಯುತ್ತಾರೆ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಿದ್ದೇವೆಯೇ? ನಾನೂ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯಬೇಕಾಯಿತು.

ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರ ಚಾಳಿಗೆ ವರ್ಗಣಿ ವಸೂಲಿಗೆ ಹೋಗಿದ್ದೆ. ಗ್ಯಾಲರಿಯಲ್ಲಿ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕುಳಿತು ಗ್ರಾನೈಟ್ ಪಟ್ಟಿಗಳನ್ನು ಒಣ ಗ್ರೈಂಡರಿನಿಂದ ಕೊಯ್ಯುತ್ತಿದ್ದ. ಮೂಗಿಗೆ ಕರವಸ್ತ್ರ. ಹುಬ್ಬು ರೆಪ್ಪೆಗಳೆಲ್ಲ ಬೆಳ್ಳಗೆ. ಊರು ಕೇಳಿದೆ. ರಾಯಚೂರು ಕಡೆ ಎಂದ. ಮನೆಯವರು ಧೂಳು ಬರುತ್ತದೆಂದು ಬಾಗಿಲು ಮುಚ್ಚಿ ಒಳಗೆ ಕುಳಿತಿದ್ದರು. ಮುಚ್ಚಿಕೊಳ್ಳಲು ಅವನಿಗೆ ಯಾವ ಬಾಗಿಲಿತ್ತು?

ಆ ಧೂಳು ಬರಿಯ ಧೂಳಲ್ಲ. ಗ್ರಾನೈಟ್, ಮರಳುಗಲ್ಲುಗಳಲ್ಲಿ ಸಿಲಿಕಾ ಬಹಳ. ಒಣದಾಗಿ ಕೊಯ್ದಾಗ ಅದರ ಕಣ್ಣಿಗೆ ಕಾಣದ ಕಣಗಳು ಪುಪ್ಪುಸದ ತಳಕ್ಕಿಳಿದು ಅಲ್ಲೇ ಕೂರುತ್ತವೆ, ಗಾಯ ಮಾಡುತ್ತವೆ, ಗಾಯ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಮದ್ದಿಲ್ಲ. ಇದ್ದವರಿಗೆ ಕ್ಷಯ ತಗಲುವ ಅಪಾಯ ಹೆಚ್ಚು; ಎಷ್ಟೋ ಸಲ ಇದನ್ನೇ ಕ್ಷಯವೆಂದು ತಿಳಿದು ಮಾತ್ರೆ ಕೊಡುತ್ತಾರೆ. ಶಾಲೆಯ ಮಕ್ಕಳಿಗಾಗಿ ಬಳಪ ಕೊಯ್ದ ಮಂದಸೌರಿನ ಕಾಮಗಾರರು ಈ ರೋಗದಿಂದಲೇ ಸತ್ತರು. ಕರವಸ್ತ್ರ ಈ ಕಣವನ್ನು ತಡೆಯುವುದಿಲ್ಲ.

ಗಿರಣಿಯಲ್ಲಿ ದುಡಿದ ಹಿರಿಯರೇ, ನಿಮಗೆ ಇದನ್ನು ಬಿಡಿಸಿ ಹೇಳಬೇಕೆ? ರಜೆ ಮುಗಿಸಿ ಖಾತೆಗೆ ಹೋದ ಮೊದಲ ದಿನ ಎದೆ ಬಿಗಿಯುತ್ತಿದ್ದುದು ನೆನಪಿದೆಯೇ? ಅದು ಹತ್ತಿಯ ಧೂಳು. ಬೀಡಿಯ ಕೆಮ್ಮು ಎಂದು ನಿಮ್ಮ ಮೇಲೇ ಹೊರಿಸಿದವರ ಮೇಲೆ ನಿಮಗೆ ಎಷ್ಟು ಸಿಟ್ಟಿತ್ತು! ಇಂದು ಆ ಹುಡುಗನ ಮುಂದೆ ಮಾಲಿಕನಾಗಿ ನಿಂತವರು ನಾವೇ.

"ಅದು ಕಂತ್ರಾಟದಾರನ ಜವಾಬ್ದಾರಿ, ನಮ್ಮದಲ್ಲ" ಎನ್ನುತ್ತೀರಿ. ನಮ್ಮ ಹೋಟೆಲ್ ಮಾಲಿಕರೂ ಇದನ್ನೇ ಅಲ್ಲವೇ ಹೇಳುವುದು? 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಈ ರೋಗವೂ ಸೇರಿತ್ತು. ಆದರೆ ಪರಿಹಾರ ಬೇಕಾದರೆ ಮಾಲಿಕ ಯಾರೆಂದು ತೋರಿಸಬೇಕು. ರೋಗ ಕಾಣಿಸಿಕೊಳ್ಳುವುದು ವರುಷಗಳ ಮೇಲೆ. ಇಂದು ಈ ಚಾಳು, ನಾಳೆ ಆ ಬಿಲ್ಡಿಂಗು ಎಂದು ತಿರುಗುವವನು ಯಾರತ್ತ ಬೆರಳು ತೋರಿಸಬೇಕು?

"ಹಾಗಾದರೆ ಅವನ ಹೊಟ್ಟೆಗೆ ಕಲ್ಲು ಹಾಕೋಣವೇ?" ಎಂದು ಇನ್ನೊಬ್ಬರು ಕೇಳಿದರು. ಬೇಡ. ಕೆಲಸ ಕೊಡಿ, ಕರಾರು ಹಾಕಿ ಕೊಡಿ. ಮೊದಲೇ ಅಳತೆ ತೆಗೆದು, ಕಲ್ಲಿನ ವಖಾರಿಯಲ್ಲಿಯೇ ನೀರಿನ ಯಂತ್ರದಲ್ಲಿ ಕೊಯ್ಸಿ ತರಬೇಕು. ಮನೆಯಲ್ಲಿ ಮೂಲೆ ಕತ್ತರಿಸಲೇಬೇಕಾದರೆ ನೀರಿನ ಏರ್ಪಾಡಿರುವ ಯಂತ್ರವೇ ಬರಲಿ. ಸಾದಾ ಗ್ರೈಂಡರಿಗೆ ಮಗ್ಗಿನಿಂದ ನೀರು ಹೊಯ್ದರೆ ವಿದ್ಯುತ್ತು ಹೊಡೆದೀತು. ಕರವಸ್ತ್ರದ ಬದಲು ಎನ್-95 ಮುಖವಾಡ ಕೊಡಿ. ಧೂಳನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಇದಕ್ಕೆ ಖರ್ಚು ಕೊಂಚ ಹೆಚ್ಚು. ಆ ಹೆಚ್ಚನ್ನು ಕೊಡಲಾಗದವನಿಗೆ ಸುಣ್ಣ ಬಳಿದ ಗೋಡೆಯೇ ಸಾಕು. ಅದರಲ್ಲಿ ಅವಮಾನವೇನೂ ಇಲ್ಲ.

ಗೋಡೆಯ ಮಾತನ್ನೂ ಹೇಳಿಬಿಡುತ್ತೇನೆ. ಮುಕ್ಕಾಲು ಅಂಗುಲ ದಪ್ಪದ ಗ್ರಾನೈಟ್ ಚದರಡಿಗೆ ಸುಮಾರು 5 ಕಿಲೋ ತೂಗುತ್ತದೆ. ಹತ್ತಡಿ ಉದ್ದ ಎಂಟಡಿ ಎತ್ತರದ ಗೋಡೆಗೆ 400 ಕಿಲೋ! ಹಳೆಯ ಚಾಳಿನ ಮರದ ತೊಲೆಯ ಮೇಲೆ ನಿಂತ ತೆಳು ಗೋಡೆ ಇದನ್ನು ಹೊತ್ತೀತೇ ಎಂದು ತಿಳಿದವರನ್ನು ಕೇಳಿದಿರಾ? ಬಣ್ಣದ ಮೇಲೆಯೇ ಅಂಟಿಸಿದ ಕಲ್ಲು ಬಣ್ಣದ ಜೊತೆಗೇ ಕಳಚುತ್ತದೆ. ಬಣ್ಣ, ಸಡಿಲ ಗಿಲಾವು ಕೆತ್ತಿ, ಕಲ್ಲಿನ ಬೆನ್ನು ಪೂರ್ತಿ ತುಂಬುವಂತೆ ಗಾರೆ ಬಳಿದು, ಕೆಳಗಿನ ಸಾಲಿನಿಂದ ಏರಬೇಕು. ಮುಂಬಯಿಯ ಮಳೆಗೆ ತೇವ ಹಿಡಿದ ಗೋಡೆಗೆ ಕಲ್ಲು ಹೊದಿಸಿದರೆ ತೇವ ಹೋಗುವುದಿಲ್ಲ, ಕಣ್ಮರೆಯಾಗುತ್ತದೆ, ಅಷ್ಟೇ. ಹೊರಗೆ ಥಳಕು, ಒಳಗೆ ಹುಳುಕು.

ಬಂಧುಗಳೇ, ಮುಂದಿನ ಸಭೆಯಲ್ಲಿ ನಾನೊಂದು ಠರಾವು ತರುವವನಿದ್ದೇನೆ: ನಮ್ಮ ಸಂಘದ ಯಾವ ಸದಸ್ಯನ ಮನೆಯಲ್ಲೂ ಕಲ್ಲನ್ನು ಒಣದಾಗಿ ಕೊಯ್ಯಿಸಬಾರದು. ವಿರೋಧಿಸುವವರು ಬಂದು ಎದುರೇ ವಿರೋಧಿಸಲಿ. ಆದರೆ ಬರುವ ಮುಂಚೆ, ನಿಮ್ಮ ಗ್ಯಾಲರಿಯಲ್ಲಿ ಕುಳಿತು ಕೊಯ್ದವನ ಹೆಸರೇನೆಂದು ಒಮ್ಮೆ ಕೇಳಿಕೊಂಡು ಬನ್ನಿ.