ಒಂದು ಕಾಯಿಲೆ ಸಿಕ್ಕಿತೆಂದು ಹುಡುಕಾಟ ನಿಲ್ಲದಿರಲಿ

ಶ್ವಾಸಕೋಶದ ಸುತ್ತ ನೀರು ತುಂಬಿದೆ ಎಂದರೆ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಹೆಸರು ಟಿಬಿ. ಹೆಚ್ಚಿನ ಸಲ ಅದು ಸರಿಯೇ. ಎಚ್‌ಐವಿ ಇರುವವರಲ್ಲಂತೂ ಟಿಬಿಯ ಕಾಟ ಇನ್ನೂ ಜಾಸ್ತಿ. ಆದರೆ ಪೆಥಾಲಜಿ ವಿಭಾಗದಲ್ಲಿ ಸೂಕ್ಷ್ಮದರ್ಶಕದ ಮುಂದೆ ವರ್ಷಗಳನ್ನು ಕಳೆದಿರುವ ನನ್ನ ಚಿಂತೆ, ಈ ‘ಹೆಚ್ಚಿನ ಸಲ’ದಿಂದ ಹೊರಗುಳಿಯುವವರದು.

ಅಂಥವರೊಬ್ಬರು ನೆನಪಿನಲ್ಲಿದ್ದಾರೆ. ಎಚ್‌ಐವಿ ಇತ್ತು, ಅದನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ನಡುವೆ ನಿಂತುಹೋಗಿತ್ತು. ಕಾಲಿನ ಮೇಲೆ, ಬಾಯಿಯ ಅಂಗುಳದಲ್ಲಿ ನೇರಳೆಗಪ್ಪು ಕಲೆಗಳು, ನೋವಿಲ್ಲ, ತುರಿಕೆಯಿಲ್ಲ. ಬಯಾಪ್ಸಿಯಲ್ಲಿ ಅದು ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. ನಮ್ಮ ದೇಶದಲ್ಲಿ ಎಚ್‌ಐವಿ ಇದ್ದವರಲ್ಲೂ ಇದು ಅಪರೂಪ. ಆಮೇಲೆ ಎದೆಯಲ್ಲಿ ನೀರು ತುಂಬಿತು. ಟಿಬಿ ಔಷಧ ಶುರು ಮಾಡೋಣ ಎಂಬ ಮಾತು ನಡೆದಿದ್ದಾಗಲೇ ವಾರ್ಡಿನ ಕಿರಿಯ ವೈದ್ಯೆಯೊಬ್ಬಳು ಹಟ ಹಿಡಿದು ಒಂದು ಬಾಟಲಿ ನೀರನ್ನು ನಮಗೂ ಕಳಿಸಿದಳು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಸ್ಲೈಡಿಗೆ ಸವರಿ ನೋಡಿದರೆ ದೊಡ್ಡ ದೊಡ್ಡ ಜೀವಕೋಶಗಳು, ಬದಿಗೆ ಸರಿದ ನ್ಯೂಕ್ಲಿಯಸ್. ಉಳಿದದ್ದನ್ನು ಮೇಣದಲ್ಲಿ ಹುದುಗಿಸಿ ಸೆಲ್ ಬ್ಲಾಕ್ ಮಾಡಿದೆವು. ಬಿ-ಕೋಶದ ಲಿಂಫೋಮಾ ಹಿಡಿಯಲು ಮಾಮೂಲಾಗಿ ಹಾಕುವ ಸಿಡಿ20 ಬಣ್ಣ ಹತ್ತಲೇ ಇಲ್ಲ. ಲಾನಾ ಎಂಬ ವೈರಸ್ ಪ್ರೋಟೀನಿಗೆ ಬಣ್ಣ ಹಾಕಿದಾಗ ನ್ಯೂಕ್ಲಿಯಸ್ಸುಗಳ ತುಂಬ ಕಂದು ಚುಕ್ಕಿ. ಪ್ರೈಮರಿ ಎಫ್ಯೂಷನ್ ಲಿಂಫೋಮಾ: ಗಡ್ಡೆ ಕಟ್ಟದೆ, ನೀರಿನಲ್ಲೇ ಬೆಳೆಯುವ ಕ್ಯಾನ್ಸರ್. ಬಹಳ ಕ್ರೂರಿ, ಚಿಕಿತ್ಸೆ ಕೊಟ್ಟರೂ ಹೆಚ್ಚಿನವರು ಉಳಿಯುವುದಿಲ್ಲ. ತಡವಾದಷ್ಟೂ ಇದ್ದ ಅವಕಾಶವೂ ಕರಗುತ್ತದೆ.

ಎರಡರ ಹಿಂದೆಯೂ ಇರುವುದು ಎಚ್‌ಎಚ್‌ವಿ-8 ಎಂಬ ಒಂದೇ ವೈರಸ್; ಲಾನಾ ಅದರದೇ ಪ್ರೋಟೀನು. ವಿಯೆನ್ನಾದ ಮೊರಿಟ್ಜ್ ಕಪೋಸಿ 1872ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಈ ವೈರಸ್ಸಿನ ಜಾಡು ಹಿಡಿದವರು ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿ, 1994ರಲ್ಲಿ. ಮರುವರ್ಷವೇ ಅದು ಈ ಲಿಂಫೋಮಾದಲ್ಲೂ, ದುಗ್ಧಗ್ರಂಥಿಗಳು ಊದುವ ಕ್ಯಾಸಲ್‌ಮನ್ ಕಾಯಿಲೆಯಲ್ಲೂ ಸಿಕ್ಕಿತು. ಅಂದಮೇಲೆ ಒಬ್ಬರಲ್ಲೇ ಇವು ಜೊತೆಯಾಗಿ ಬರುವುದು ಬರೀ ಆಕಸ್ಮಿಕವಲ್ಲ. ಒಂದು ಕಂಡರೆ ಇನ್ನೊಂದನ್ನು ಹುಡುಕಲೇಬೇಕು.

ಇದು ಪಾಂಡಿತ್ಯದ ಮಾತಲ್ಲ. ಹೃದಯದ ಸುತ್ತಲ ನೀರು ಟಿಬಿಯದೆಂದುಕೊಂಡು ಸ್ಟೆರಾಯ್ಡ್ ಕೊಟ್ಟರೆ ಕಪೋಸಿ ಕೆರಳಬಹುದು. ಕ್ಯಾಸಲ್‌ಮನ್‌ಗೆ ಒಳ್ಳೆಯ ಮದ್ದಾದ ರಿಟುಕ್ಸಿಮ್ಯಾಬ್‌ನಿಂದಲೂ ಕಪೋಸಿ ಉಲ್ಬಣಿಸಬಲ್ಲದು. ಇನ್ನೊಂದೆಡೆ, ಎಆರ್‌ಟಿ ಮಾತ್ರೆಯನ್ನು ತಪ್ಪದೆ ನುಂಗಿದರೆ ಎಷ್ಟೋ ಜನರಲ್ಲಿ ಕಪೋಸಿ ಕಲೆಗಳು ತಾವೇ ಕುಗ್ಗುತ್ತವೆ.

ಹಾಗಾಗಿ ವೈದ್ಯ ಮಿತ್ರರಲ್ಲಿ ಕೇಳುವುದಿಷ್ಟು. ಎಚ್‌ಐವಿ ಇರುವವರ ಎದೆಯಿಂದಲೋ ಹೊಟ್ಟೆಯಿಂದಲೋ ನೀರು ತೆಗೆದರೆ ಟಿಬಿ ಪರೀಕ್ಷೆಯ ಜೊತೆಗೆ ಸೈಟಾಲಜಿಗೂ ಕಳಿಸಿ, ಧಾರಾಳವಾಗಿ ಕಳಿಸಿ; ಮಿಕ್ಕಿದ್ದನ್ನು ಚೆಲ್ಲಬೇಡಿ. ಲಾನಾ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ, ನಿಜ. ಆದರೆ ಮೇಣದ ಬ್ಲಾಕ್ ಕೆಡುವುದಿಲ್ಲ, ದೊಡ್ಡ ಲ್ಯಾಬಿಗೆ ಕೊರಿಯರ್‌ನಲ್ಲೂ ಹೋಗುತ್ತದೆ. ಫಾರಂನಲ್ಲಿ ‘ಎಚ್‌ಐವಿ’ ಎಂಬ ಜಾಗವನ್ನು ಸಂಕೋಚದಿಂದ ಖಾಲಿ ಬಿಡುವುದನ್ನೂ ನಿಲ್ಲಿಸಿ. ಗುಟ್ಟು ಕಾಪಾಡಲೆಂದೇ 2017ರ ಎಚ್‌ಐವಿ ಕಾಯ್ದೆ ಇದೆ. ಚಿಕಿತ್ಸೆಗೆ ಅಗತ್ಯವಿದ್ದಾಗ ಅದರಲ್ಲಿ ತೊಡಗಿದ ವೈದ್ಯರ ನಡುವೆ ಮಾಹಿತಿ ಹಂಚಿಕೊಳ್ಳಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಆ ಒಂದು ಸಾಲು ಬರೆದಿದ್ದರೆ ಯಾವ ಬಣ್ಣ ಹಾಕಬೇಕೆಂಬುದು ನಮಗೆ ಮೊದಲ ದಿನವೇ ಹೊಳೆಯುತ್ತದೆ.