ಬಾನಿಗೆ ಕೊಟ್ಟ ಹಣ: ಬಿಣಗಾದವರೂ ಲೆಕ್ಕ ಕೇಳಬೇಕು

ರೋಹಿಣಿ ಕಳೆದು ಮೃಗಶಿರಾ ಕೂಡಿತೆಂದರೆ ಕಾರವಾರ, ಅಂಕೋಲೆ ಕಡೆಯ ಒಕ್ಕಲಿಗನ ಕಣ್ಣು ತಾನಾಗಿಯೇ ಪಡುವಣ ದಿಕ್ಕಿನ ಮೋಡದ ಮೇಲೆ ಹೋಗುತ್ತದೆ. ಆಕಾಶವನ್ನು ನೋಡಿಯೇ ಬದುಕು ಮಾಡಿದವರು ನಾವು. ಈಗ ಆಕಾಶದಿಂದ ನಮ್ಮ ಗದ್ದೆ, ಗುಡ್ಡ, ಕಡಲುಗಳನ್ನು ನೋಡುವ ಕಣ್ಣುಗಳೂ ಇವೆ. ಆ ಕಣ್ಣುಗಳಿಗೆ ದೇಶವು ಪ್ರತಿ ವರ್ಷ ಹಣ ಕೊಡುತ್ತಿದೆ. ಈ ಹಣ ಹೆಚ್ಚಾಯಿತೇ, ಕಡಿಮೆಯಾಯಿತೇ, ಯಾರ ಕೆಲಸಕ್ಕೆ ಬರುತ್ತಿದೆ ಎಂಬ ಚರ್ಚೆ ದಿಲ್ಲಿಯ ತಜ್ಞರಿಗೆ ಮಾತ್ರ ಬಿಟ್ಟದ್ದಲ್ಲ. ಹಳ್ಳಿಯ ವಾಚನಾಲಯದ ಬೆಂಚಿನ ಮೇಲೂ ಅದು ನಡೆಯಬೇಕು.

ಮೊದಲು ಲೆಕ್ಕ ನೋಡೋಣ. 2025-26ರ ಕೇಂದ್ರ ಬಜೆಟ್ಟಿನ ಒಟ್ಟು ಗಾತ್ರ ಸುಮಾರು 50 ಲಕ್ಷ 65 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಯ ಪಾಲು ಸುಮಾರು 13,416 ಕೋಟಿ. ಅಂದರೆ ಸರಕಾರ ನೂರು ರೂಪಾಯಿ ಖರ್ಚು ಮಾಡಿದರೆ ಇದಕ್ಕೆ ಹೋಗುವುದು 26 ಪೈಸೆ. ಅದೇ ಬಜೆಟ್ಟಿನಲ್ಲಿ ಪಿಎಂ-ಕಿಸಾನ್ ಯೋಜನೆಗೆ 63,500 ಕೋಟಿ, ರಸಗೊಬ್ಬರದ ಸಬ್ಸಿಡಿಗೆ ಸುಮಾರು 1 ಲಕ್ಷ 67 ಸಾವಿರ ಕೋಟಿ ಇಟ್ಟಿದ್ದರು. ಹೀಗಾಗಿ ರಾಕೆಟ್ಟಿನ ಹಣ ಉಳಿಸಿದ್ದರೆ ರೈತನ ಕಷ್ಟ ತೀರುತ್ತಿತ್ತು ಎಂಬ ಮಾತಿನಲ್ಲಿ ಹುರುಳಿಲ್ಲ. ಹಾಗೆಂದು 26 ಪೈಸೆಯೂ ಪುಕ್ಕಟೆ ಬಂದದ್ದಲ್ಲ. ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆರಿಗೆ ಕೊಡುತ್ತಾನೆ. ಕೊಟ್ಟವನಿಗೆ ಕೇಳುವ ಹಕ್ಕಿದೆ.

ಈ ಕೆಲಸಕ್ಕೆ ಹಣ ಕೊಡಲು ಹೊರಟಾಗ ದೇಶ ಶ್ರೀಮಂತವೇನೂ ಆಗಿರಲಿಲ್ಲ. ಕೇರಳದ ತುಂಬಾ ಎಂಬ ಮೀನುಗಾರರ ಊರಿನಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. 1969ರಲ್ಲಿ ಇಸ್ರೋ ಹುಟ್ಟಿತು. ಚಂದ್ರನ ಮೇಲೆ ದೊಡ್ಡ ದೇಶಗಳೊಡನೆ ಪೈಪೋಟಿ ಮಾಡುವುದು ನಮ್ಮ ಗುರಿಯಲ್ಲ, ಜನಸಾಮಾನ್ಯರ ತೊಂದರೆಗೆ ಹೊಸ ವಿದ್ಯೆಯನ್ನು ಹಚ್ಚುವುದು ಗುರಿ ಎಂಬುದು ವಿಕ್ರಂ ಸಾರಾಭಾಯಿ ಅವರ ನಿಲುವಾಗಿತ್ತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ 'ಆರ್ಯಭಟ' ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದನ್ನು ಮೇಲೇರಿಸಿದ್ದು ಸೋವಿಯೆತ್ ರಾಕೆಟ್.

ಅದೇ ವರ್ಷ ಆಗಸ್ಟಿನಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ ಬಂತು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆಯ ಹಳ್ಳಿಗರು ಬೇಸಾಯ, ಆರೋಗ್ಯದ ಮಾತುಗಳನ್ನು ಕನ್ನಡದಲ್ಲಿ ಕೇಳಿದರು. ಆದರೆ ಉಪಗ್ರಹ ಅಮೆರಿಕದ್ದು. 1976ರ ಜುಲೈಗೆ ಅವಧಿ ಮುಗಿಯಿತು, ಅದು ನಮ್ಮ ಕೈಬಿಟ್ಟು ಹೋಯಿತು. ಎರವಲು ಎತ್ತಿನಲ್ಲಿ ಎಷ್ಟು ದಿನ ಉಳಬಹುದು? ಸ್ವಂತ ಜೋಡಿ ಕಟ್ಟಲೇಬೇಕಾಯಿತು.

ಸ್ವಂತ ಜೋಡಿ ಕಟ್ಟುವುದಕ್ಕೆ ಹಣಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ದಿಲ್ಲಿಯಲ್ಲಿ ಸರಕಾರಗಳು ಒಂದರ ಹಿಂದೊಂದು ಬದಲಾಗುತ್ತಿದ್ದ ಕಾಲ ಅದು. ಆದರೂ ಯಾರೂ ಅನುದಾನಕ್ಕೆ ಕತ್ತರಿ ಹಾಕಿ ಬಾಗಿಲು ಮುಚ್ಚಲಿಲ್ಲ. 1980ರ ಜುಲೈ 18ರಂದು ಅದೇ ರಾಕೆಟ್ ಗೆದ್ದಿತು. 2019ರಲ್ಲಿ ಚಂದ್ರಯಾನ-2ರ ಇಳಿಯುವ ನೌಕೆ ಕೈಗೆ ಸಿಗಲಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿಯಿತು. ತೆಂಗು ನೆಟ್ಟವನು ಎರಡನೆಯ ವರ್ಷ ಕಾಯಿ ಬರಲಿಲ್ಲವೆಂದು ಮರ ಕಡಿಯುವುದಿಲ್ಲ. ರಾಜಕೀಯ ಬದ್ಧತೆ ಎಂದರೆ ಇದೇ.

ಬದ್ಧತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬಿಣಗಾದವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1986ರ ಅಕ್ಟೋಬರ್ 24ರಂದು ಸೀಬರ್ಡ್ ನೌಕಾನೆಲೆಗೆ ಆಗಿನ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಬಿಣಗಾ, ಅರ್ಗಾದಿಂದ ಅಂಕೋಲೆಯ ಕಡೆಗೆ ಸುಮಾರು 11 ಸಾವಿರ ಎಕರೆ ಗುರುತಾಯಿತು. ಬಳಿಕ ದೇಶಕ್ಕೆ ಹಣದ ಮುಗ್ಗಟ್ಟು ಬಂತು, ಕೆಲಸ ಕುಂಟಿತು. ಮೊದಲ ಹಂತಕ್ಕೆ ಪರಿಷ್ಕೃತ ಮಂಜೂರಾತಿ ಸಿಕ್ಕಿದ್ದು 1999ರಲ್ಲಿ, ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವಿನ ವರ್ಷಗಳಲ್ಲಿ, ಗುರುತಾದ ನೆಲದಲ್ಲಿ ಸಸಿ ನೆಡುವುದೋ ಬಿಡುವುದೋ ಎಂಬ ಅನಿಶ್ಚಯ. ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಹೆಚ್ಚುವರಿ ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ದಶಕಗಟ್ಟಲೆ ಕಾದವರಿದ್ದಾರೆ.

ದೇಶದ ಆದ್ಯತೆ ಎಂದಾಗ ನೆಲವನ್ನೇ ಕೊಟ್ಟ ಜನರಿಗೆ, ದೇಶದ ಮುಂದಿನ ಆದ್ಯತೆ ಏನು ಎಂದು ಕೇಳುವ ಅಧಿಕಾರ ಇತರರಿಗಿಂತ ಒಂದು ತೂಕ ಹೆಚ್ಚೇ ಇದೆ.

ಆ ಮುಂದಿನ ಆದ್ಯತೆ ಈಗ ಬದಲಾಗುತ್ತಿದೆ. ಮನುಷ್ಯರನ್ನು ಮೇಲೆ ಕಳಿಸುವ ಗಗನಯಾನ ಕಾರ್ಯಕ್ರಮಕ್ಕೆ 2018ರಲ್ಲಿ ಸುಮಾರು 9 ಸಾವಿರ ಕೋಟಿ ಎಂದಿದ್ದದ್ದು 2024ರಲ್ಲಿ 20,193 ಕೋಟಿಗೆ ಏರಿತು. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂದು ಗುರಿ ಸಾರಿದ್ದಾರೆ. ನಾವು ಇದಕ್ಕೆ ಅಡ್ಡ ಬರುವವರಲ್ಲ. ಆದರೆ ಮೇಲೆ ನೋಡುವ ಹಣ ಬೆಳೆದಂತೆ ಕೆಳಗೆ ನೋಡುವ ಹಣವೂ ಬೆಳೆಯಬೇಕು.

ಕೆಳಗೆ ನೋಡುವ ಕಣ್ಣಿನ ಬೆಲೆಯನ್ನು ಪೂರ್ವ ಕರಾವಳಿ ಬಲ್ಲದು. 1999ರ ಚಂಡಮಾರುತದಲ್ಲಿ ಒರಿಸ್ಸಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಮುನ್ಸೂಚನೆ ಮೊದಲೇ ಸಿಕ್ಕಿತು, ಲಕ್ಷಾಂತರ ಜನರನ್ನು ಸ್ಥಳಾಂತರಿಸಿದರು, ಸತ್ತವರ ಸಂಖ್ಯೆ ಹತ್ತುಗಳಲ್ಲಿ ನಿಂತಿತು. ನಮ್ಮ ಕಡಲಿನಲ್ಲೂ ನೀರಿನ ಬಿಸಿ, ಬಣ್ಣಗಳನ್ನು ಉಪಗ್ರಹದಿಂದ ಅಳೆದು ಮೀನು ಸೇರುವ ಜಾಗವನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ತಿಳಿಸುತ್ತದೆ. ಸೂಚನೆ ಕೈಗೆ ಬಂದರೆ ದೋಣಿಯವನಿಗೆ ಅಷ್ಟರಮಟ್ಟಿಗೆ ಎಣ್ಣೆ ಉಳಿತಾಯ.

ಆದರೆ ಶಿರೂರನ್ನು ಮರೆಯುವಂತಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು. ಹನ್ನೊಂದು ಮಂದಿಯನ್ನು ಕಳೆದುಕೊಂಡೆವು. ಆಚೆ ದಡದ ಉಳುವರೆಯ ಮನೆಗಳೂ ನೀರಿನ ಹೊಡೆತಕ್ಕೆ ಕುಸಿದವು. ಆಷಾಢದ ಮೋಡದಡಿ ಸಾಮಾನ್ಯ ಕ್ಯಾಮರಾ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಮೋಡವನ್ನು ಭೇದಿಸಿ, ಹಗಲು ರಾತ್ರಿ ನೋಡಬಲ್ಲದ್ದು ರಾಡಾರ್ ಉಪಗ್ರಹ. 2025ರ ಜುಲೈ 30ರಂದು ಅಮೆರಿಕದ ನಾಸಾ ಜೊತೆಗೂಡಿ ಹಾರಿಸಿದ 'ನಿಸಾರ್' ಅಂಥದು. ಪ್ರತಿ 12 ದಿನಕ್ಕೊಮ್ಮೆ ಅದೇ ಜಾಗವನ್ನು ನೋಡಿ, ನೆಲ ಕೆಲವೇ ಸೆಂಟಿಮೀಟರ್ ಸರಿದರೂ ಗುರುತಿಸುವಂತೆ ಅದನ್ನು ಮಾಡಿದ್ದಾರೆ. ಒಮ್ಮೆಲೇ ಕುಸಿಯುವ ಗುಡ್ಡವನ್ನು ಅದು ಗಂಟೆ ನಿಮಿಷ ಹೇಳಿ ತಿಳಿಸಲಾರದು. ಮೆಲ್ಲಗೆ ಜಾರುತ್ತಿರುವ ಗುಡ್ಡವನ್ನು ತೋರಿಸಿಕೊಡಬಲ್ಲದು.

ತೋರಿಸಿಕೊಟ್ಟ ಮೇಲೆ ಮುಂದೇನು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ನಿಜವಾಗಬಾರದು. ಆಕಾಶದ ಮಾಹಿತಿ ಬೆಂಗಳೂರು, ಹೈದರಾಬಾದುಗಳ ಕಂಪ್ಯೂಟರಿನಲ್ಲಿ ಉಳಿದರೆ ಗುಡ್ಡದ ಬುಡದಲ್ಲಿ ಚಹದಂಗಡಿ ಇಟ್ಟವನಿಗೆ ಏನು ಉಪಯೋಗ?

ಆದ್ದರಿಂದ ನಮ್ಮ ಸಂಸತ್ ಸದಸ್ಯರಿಂದ ಮೂರು ಮಾತು ಕೇಳೋಣ. ಒಂದು, ಬಾಹ್ಯಾಕಾಶದ ಅನುದಾನದಲ್ಲಿ ಬೆಳೆ, ಮಳೆ, ಕಡಲು, ಗುಡ್ಡಗಳನ್ನು ನೋಡುವ ಉಪಗ್ರಹಗಳಿಗೆ ಎಷ್ಟು ಎಂದು ವರ್ಷವರ್ಷ ಲೋಕಸಭೆಯಲ್ಲಿ ಬಿಡಿಸಿ ಹೇಳಬೇಕು, ಆ ಪಾಲು ಇಳಿಯಬಾರದು. ಎರಡು, ಗುಡ್ಡ ಸರಿಯುತ್ತಿದೆ ಎಂದು ತಿಳಿದೊಡನೆ ಕನ್ನಡದಲ್ಲಿ ಗ್ರಾಮ ಪಂಚಾಯತಿಗೆ ಬರೆದು ತಿಳಿಸಬೇಕು, ರಸ್ತೆ ಮಾಡುವವರು ಅದರಂತೆ ನಡೆಯಲೇಬೇಕೆಂಬ ಕಟ್ಟಳೆ ಬೇಕು. ಮೂರು, ದೇಶದ ಯಾವುದೇ ದೊಡ್ಡ ಯೋಜನೆಗೆ ನೆಲ ಕೊಟ್ಟವನ ಪರಿಹಾರದ ಹಣವನ್ನು ಅಡಿಗಲ್ಲಿನ ದಿನವೇ ತೆಗೆದಿರಿಸಬೇಕು.

ಓದುಗರ ಪಾಲಿನ ಕೆಲಸವೂ ಇದೆ. ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮ ಊರಿನಲ್ಲಿ ಯಾವ ಗುಡ್ಡ ಬಿರಿದಿದೆ, ಯಾವ ಗಜನಿಯ ಒಡ್ಡು ಸೋರುತ್ತಿದೆ, ಎಲ್ಲಿ ಹೊಸದಾಗಿ ಒರತೆ ಎದ್ದಿದೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ. ಮೇಲಿನ ಕಣ್ಣಿಗೆ ನೆಲದ ಮೇಲಿನ ಸಾಕ್ಷಿಯೂ ಬೇಕು.

ಚಂದ್ರನ ಮೇಲೆ ನೌಕೆ ಇಳಿದ ಸಂಜೆ ನಾವೂ ಚಪ್ಪಾಳೆ ತಟ್ಟಿದ್ದೇವೆ, ಮುಂದೆಯೂ ತಟ್ಟುತ್ತೇವೆ. ಅಷ್ಟು ದೂರ ಗುರಿಯಿಟ್ಟು ಇಳಿಸಬಲ್ಲ ದೇಶಕ್ಕೆ ಶಿರೂರಿನ ತಿರುವಿಗೆ ಒಂದು ಎಚ್ಚರಿಕೆಯ ಮಾತು ಇಳಿಸುವುದು ಅಸಾಧ್ಯವಲ್ಲ. ಅದನ್ನು ಮಾಡುವ ಮನಸ್ಸನ್ನು ಸರಕಾರದಲ್ಲಿ ಹುಟ್ಟಿಸುವುದು ಕೇಳುವ ಜನರ ಕೈಯಲ್ಲಿದೆ.