ಮೊದಲು ಸೆಟ್ಲ್ ಆಗಲಿ, ಆಮೇಲೆ ನೋಡೋಣ ಅನ್ನುವವರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಊರುಗಳ ಸರ್ಕಲ್ಲುಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. 625ಕ್ಕೆ ಇಷ್ಟು, 625ಕ್ಕೆ ಅಷ್ಟು. ಮಗುವಿನ ಹೆಸರಿಗಿಂತ ಅಂಕಿ ದೊಡ್ಡದು, ಅಂಕಿಗಿಂತ ಸಂಸ್ಥೆಯ ಅಧ್ಯಕ್ಷರ ಫೋಟೊ ದೊಡ್ಡದು. ಅದೇ ವಾರ ಪಿಯು ಕಾಲೇಜುಗಳ ಅಡ್ಮಿಷನ್ ಕೌಂಟರಿನ ಮುಂದೆ ಅಪ್ಪಂದಿರ ಸಾಲು. "ಯಾವ ಕಾಂಬಿನೇಷನ್ ಸಾರ್?" ಎಂದು ಒಳಗಿನಿಂದ ಕೇಳುತ್ತಾರೆ. "ನಮ್ದು ಪಿಸಿಎಂಬಿ. ನೀಟ್ ಇಂಟಿಗ್ರೇಟೆಡ್, ಹಾಸ್ಟೆಲ್ ಸಮೇತ." ಅಂಕಪಟ್ಟಿಯ ಫೈಲು ಹಿಡಿದು ಹಿಂದೆ ನಿಂತ ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ. ತಾನಾಗಿ ಅವಳೂ ಬಾಯಿ ಬಿಡುವುದಿಲ್ಲ.

ಆ ಸಾಲಿನಲ್ಲಿ ನಿಂತಿರುವವರೇ, ಈ ಮಾತು ನಿಮಗೆ. ನೀವು ಮಕ್ಕಳ ಮೇಲೆ ಪ್ರೀತಿ ಇಲ್ಲದವರಲ್ಲ. ಒಡವೆ ಬ್ಯಾಂಕಿಗಿಟ್ಟು, ಪಿಎಫ್ ಬಿಡಿಸಿ, ತೋಟದ ಮೇಲೆ ಸಾಲ ಎತ್ತಿ ಫೀಸು ಹೊಂದಿಸಿದವರು. ಯಾರಾದರೂ ತಕರಾರು ತೆಗೆದರೆ ನಿಮ್ಮ ಹತ್ತಿರ ಉತ್ತರ ಸಿದ್ಧವಿದೆ: "ಮೊದಲು ಸೆಟ್ಲ್ ಆಗಲಿ. ಆಮೇಲೆ ಹಾಡೋದು, ಬರೆಯೋದು, ಏನು ಬೇಕಾದರೂ ಮಾಡ್ಕೊಳ್ಳಲಿ." ಕೇಳಲಿಕ್ಕೆ ಎಷ್ಟು ವಿವೇಕದ ಮಾತು! ಎಂಬಿಎ ಓದಿದ ಚಿಕ್ಕಪ್ಪನೊಬ್ಬ ಮನೆಯಲ್ಲಿದ್ದರಂತೂ ಅಬ್ರಹಾಂ ಮಾಸ್ಲೊನ ಪಿರಮಿಡ್ ಬರೆದು ತೋರಿಸುತ್ತಾನೆ. ಬುಡದಲ್ಲಿ ಅನ್ನ, ನೀರು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಮರ್ಯಾದೆ, ಎಲ್ಲಕ್ಕಿಂತ ಮೇಲೆ ತನ್ನತನದ ಸಾರ್ಥಕತೆ. ಕೆಳಗಿನ ಮೆಟ್ಟಿಲು ಮುಗಿಯದೆ ಮೇಲಿನದಕ್ಕೆ ಕಾಲಿಡುವ ಹಾಗಿಲ್ಲ.

ಮಾಸ್ಲೊ 1943ರಲ್ಲಿ ಬರೆದ ಮೂಲ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಅದು ಆಮೇಲಿನ ಮ್ಯಾನೇಜ್‌ಮೆಂಟ್ ಪಂಡಿತರ ಕೈಕೆಲಸ. ಈ ಕ್ರಮ ಕಲ್ಲಿನ ಮೇಲೆ ಕೊರೆದದ್ದಲ್ಲ, ಅದನ್ನು ತಲೆಕೆಳಗು ಮಾಡಿ ಬದುಕುವವರೂ ಉಂಟು ಎಂದು ಆತ ಅದೇ ಲೇಖನದಲ್ಲಿ ಒಪ್ಪಿದ್ದಾನೆ. ಪ್ರೀತಿಯ ಕೊರತೆಯನ್ನು ವಿಟಮಿನ್ ಕೊರತೆಯ ಪಕ್ಕದಲ್ಲೇ ಇಟ್ಟು ಮಾತಾಡಿದ್ದಾನೆ. ಅನ್ನದ ಹಾಗೆ ಪ್ರೀತಿ, ಗೌರವಗಳನ್ನೂ ಅವನು ಮೂಲಭೂತ ಅಗತ್ಯಗಳ ಪಟ್ಟಿಗೇ ಸೇರಿಸಿದ. ದೂರ ಯಾಕೆ ಹೋಗಬೇಕು? ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು ಸೆಟ್ಲ್ ಆದದ್ದು ಯಾವಾಗ? ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿ, ಒಬ್ಬರೇ ಕೂತು 'ಬಾಲಪ್ರಪಂಚ' ಎಂಬ ಮಕ್ಕಳ ವಿಶ್ವಕೋಶ ಬರೆದವರು ಅವರು. ಪಿಯು ಪಾಠದ ಜೊತೆಗೇ ನೀಟ್ ಕೋಚಿಂಗ್ ಕೊಡುವ ಇಂಟಿಗ್ರೇಟೆಡ್ ಕಾಲೇಜುಗಳು ಇಂದು ದಟ್ಟವಾಗಿ ಬೆಳೆದಿರುವುದು ಅದೇ ಕರಾವಳಿಯಲ್ಲಿ. ಎಲ್ಲರೂ ಕಾರಂತರಾಗಲಾರರು, ನನಗೂ ಗೊತ್ತು. ಹಾಗಂತ 'ಆಮೇಲೆ' ಎಂಬುದು ಎಲ್ಲರ ಪಾಲಿಗೂ ಕಾದು ಕುಳಿತಿರುತ್ತದೆಯೇ?

ಕಾದಿರುವುದಿಲ್ಲ ಎಂಬುದಕ್ಕೆ ಪುರಾವೆಯೇ ಇದೆ. ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1971ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಕಾಲೇಜು ಹುಡುಗರ ಕೈಗೆ ತುಂಡುಗಳನ್ನು ಜೋಡಿಸಿ ಆಕಾರ ಕಟ್ಟುವ ಒಗಟು ಕೊಟ್ಟ. ಒಂದು ಗುಂಪಿಗೆ ನಡುವಿನ ಸುತ್ತಿನಲ್ಲಿ, ಬಿಡಿಸಿದ ಒಂದೊಂದು ಒಗಟಿಗೆ ಒಂದು ಡಾಲರ್. ಮರುಸುತ್ತಿನಲ್ಲಿ ದುಡ್ಡು ನಿಂತಿತು. ಏನೋ ನೆಪ ಹೇಳಿ ಅವರನ್ನು ಕೆಲ ನಿಮಿಷ ಸುಮ್ಮನೆ ಬಿಟ್ಟಾಗ, ದುಡ್ಡಿನ ರುಚಿ ಕಂಡವರು ಒಗಟನ್ನು ಬಿಟ್ಟು ಮೇಜಿನ ಮೇಲಿದ್ದ ಪತ್ರಿಕೆಗಳ ಕಡೆ ಹೆಚ್ಚು ವಾಲಿದರು. ಬಿಡಿಗಾಸೂ ಕಾಣದವರು ತಮ್ಮ ಖುಷಿಗೆ ಒಗಟಿನ ಜೊತೆ ಹೆಣಗುತ್ತಲೇ ಇದ್ದರು.

ಎರಡು ವರ್ಷದ ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ ಪ್ರಯೋಗ ಪ್ರಕಟವಾಯಿತು. ಮೂರರಿಂದ ಐದು ವರ್ಷದ ಮಕ್ಕಳು. ಬಣ್ಣದ ಮಾರ್ಕರ್ ಕಂಡರೆ ತಾವಾಗಿಯೇ ಓಡಿ ಬಂದು ಚಿತ್ರ ಬಿಡಿಸಲು ಕೂರುತ್ತಿದ್ದವರನ್ನೇ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಆರಿಸಿಕೊಂಡರು. ಕೆಲವರಿಗೆ ಮೊದಲೇ ಆಸೆ ತೋರಿಸಿದರು: ಚಿತ್ರ ಬಿಡಿಸಿದರೆ ಚಿನ್ನದ ನಕ್ಷತ್ರ, ಕೆಂಪು ರಿಬ್ಬನ್ ಅಂಟಿಸಿದ ಸರ್ಟಿಫಿಕೇಟು ಕೊಡುತ್ತೇವೆ. ಕೊಟ್ಟರು ಕೂಡ. ಒಂದೆರಡು ವಾರ ಕಳೆದು ಅದೇ ಮಾರ್ಕರುಗಳನ್ನು ಬಹುಮಾನದ ಮಾತಿಲ್ಲದೆ ಮೇಜಿನ ಮೇಲೆ ಇಟ್ಟಾಗ, ಆ ಮಕ್ಕಳು ಅದರ ಹತ್ತಿರ ಕಳೆದ ಹೊತ್ತು ಉಳಿದವರು ಕಳೆದದ್ದರ ಸುಮಾರು ಅರ್ಧ. ಹೇಳದೆ ಕೇಳದೆ ಬಹುಮಾನ ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬೆನ್ನು ತಟ್ಟುವುದರಿಂದ ಯಾವ ಮಗುವೂ ಹಾಳಾಗುವುದಿಲ್ಲ. ಹಾಳು ಮಾಡಿದ್ದು ಮುಂಗಡ ಕರಾರು.

ಚಿತ್ರ ಬಿಡಿಸುವ ಕೂಸಿನ ಒಳಗಿನ ಉಮೇದು ಒಂದು ರಿಬ್ಬನ್ನಿಗೆ ಇಷ್ಟು ಸೊರಗುವುದಾದರೆ, ಎಲ್‌ಕೆಜಿಯಿಂದ ಹನ್ನೆರಡನೆಯ ತರಗತಿವರೆಗೂ ಕರಾರಿನ ಮೇಲೆಯೇ ಓದಿದ ಮಗುವಿನಲ್ಲಿ ಏನು ಉಳಿದಿರುತ್ತದೆ? 'ಆಮೇಲೆ' ಬಂದಾಗ ಬಯಸಲಿಕ್ಕೆ ಬಯಕೆಯಾದರೂ ಇರಬೇಡವೇ?

ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ ಇದನ್ನು ಸಿದ್ಧಾಂತವಾಗಿ ಬೆಳೆಸಿದರು. ಮನಸ್ಸಿಗೆ ಮೂರು ಬೇಕು ಎಂದರು. ನಾನು ಮಾಡುತ್ತಿರುವುದು ನನ್ನದು ಎನ್ನಿಸಬೇಕು. ನನ್ನ ಕೈಲಾಗುತ್ತದೆ ಎನ್ನಿಸಬೇಕು. ನನ್ನವರು ಎಂಬವರು ಇರಬೇಕು. ಮೂರೂ ಏಕಕಾಲಕ್ಕೆ ಬೇಕು, ಎಳೆತನದಿಂದಲೇ ಬೇಕು. ಸಂಬಳ ಬರತೊಡಗಿದ ಮೇಲೆ ಕಂತಿನಲ್ಲಿ ಕೊಡುತ್ತೇನೆ ಅನ್ನುವುದಕ್ಕೆ ಇದು ಬಾಕಿ ಸಾಲ ಅಲ್ಲ.

ಈಗ ಹಾಸ್ಟೆಲಿಗೆ ಬನ್ನಿ. ಬೆಳಗಿನ ಜಾವ ಬೆಲ್ಲು. ಹಲ್ಲುಜ್ಜಿ ಬರುವಷ್ಟರಲ್ಲಿ ಸ್ಟಡಿ ಅವರ್. ತರಗತಿ, ಮತ್ತೆ ಸ್ಟಡಿ, ರಾತ್ರಿ ಊಟವಾದ ಮೇಲೆ ಇನ್ನೊಂದು ಸ್ಟಡಿ, ಕಾವಲಿಗೆ ವಾರ್ಡನ್. ಯಾವ ಪುಸ್ತಕ, ಯಾವ ಹೊತ್ತು, ಯಾರ ಪಕ್ಕ, ಒಂದೂ ಮಗುವಿನ ಆಯ್ಕೆಯಲ್ಲ. ವಾರಕ್ಕೊಂದು ಟೆಸ್ಟು, ನೋಟಿಸ್ ಬೋರ್ಡಿನಲ್ಲಿ ರ‍್ಯಾಂಕು. ಅಂಕ ಇಳಿದರೆ ಸೆಕ್ಷನ್ನೂ ಇಳಿಯುತ್ತದೆ. ನಿನ್ನೆಯವರೆಗೆ ಪಕ್ಕದಲ್ಲಿ ಕೂತಿದ್ದ ಗೆಳತಿ ಇಂದು 'ಮೇಲಿನ' ಸೆಕ್ಷನ್ನಿನವಳು. ಅಮ್ಮನ ದನಿ ಕೇಳಲು ಭಾನುವಾರ ಫೋನಿನ ಮುಂದೆ ಕ್ಯೂ, ಹಿಂದಿನವಳು "ಬೇಗ ಮುಗ್ಸೇ" ಅನ್ನುತ್ತಿರುತ್ತಾಳೆ. ಆ ಮೂರರಲ್ಲಿ ಒಂದನ್ನಾದರೂ ಈ ದಿನಚರಿಯಲ್ಲಿ ಹುಡುಕಿ ಕೊಡಿ ನೋಡೋಣ. ಮೂರನ್ನೂ ಕಿತ್ತುಕೊಳ್ಳಲಿಕ್ಕೆ ಲಕ್ಷಗಟ್ಟಲೆ ಕಟ್ಟಿ ರಸೀದಿ ತಂದಿದ್ದೇವೆ.

"ಇದೆಲ್ಲ ಅಮೆರಿಕದವರ ಮಾತು, ನಮ್ಮಲ್ಲಿ ಅಪ್ಪ ಅಮ್ಮ ಹೇಳಿದ್ದನ್ನು ಮಕ್ಕಳು ಕೇಳುತ್ತವೆ" ಅನ್ನಬಹುದು. ಅದರಲ್ಲಿ ನಿಜವಿದೆ. 1980ರ ದಶಕದಲ್ಲೇ ಮೈಸೂರಿನ ಜನರನ್ನು ಮಾತಾಡಿಸಿ ಅಧ್ಯಯನ ಮಾಡಿದ್ದ ಜೋನ್ ಮಿಲ್ಲರ್, 2011ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಸಂಶೋಧನೆಯಲ್ಲಿ ಇದನ್ನೇ ಕಂಡರು: ಮನೆಯವರಿಗಾಗಿ ಕರ್ತವ್ಯ ಎಂದು ಮಾಡುವ ಕೆಲಸದಲ್ಲೂ ಭಾರತೀಯರಿಗೆ 'ಇದು ನಾನೇ ಒಪ್ಪಿ ಮಾಡುತ್ತಿದ್ದೇನೆ' ಎಂಬ ತೃಪ್ತಿ ಇರಬಲ್ಲದು. ಅಪ್ಪನ ಆಸೆಯನ್ನು ಮನಸಾರೆ ತನ್ನದಾಗಿಸಿಕೊಂಡು ಡಾಕ್ಟರಾಗುವ ಹುಡುಗಿಗೆ ನನ್ನ ನಮಸ್ಕಾರ. ನಾನು ಕೇಳುತ್ತಿರುವುದು ಬೇರೆ. ಮನಸಾರೆ ಒಪ್ಪಬೇಕಾದರೆ ಒಲ್ಲೆ ಅನ್ನುವ ದಾರಿಯೂ ತೆರೆದಿರಬೇಕು. ಒಲ್ಲೆ ಅಂದರೆ ಅಮ್ಮ ಊಟ ಬಿಡುತ್ತಾಳೆ, ಅಪ್ಪ ಮಾತು ಬಿಡುತ್ತಾನೆ ಎಂದು ಗೊತ್ತಿರುವ ಮಗು ಹೂಂ ಅಂದದ್ದಕ್ಕೆ ಏನು ಬೆಲೆ? ಅಂಕ ಬಂದಾಗ ಉಕ್ಕುವ, ಬಾರದಿದ್ದಾಗ ಬತ್ತುವ ಪ್ರೀತಿಯನ್ನು 2004ರಲ್ಲಿ ಅವಿ ಅಸ್ಸೋರ್, ಗೈ ರಾತ್ ಮತ್ತು ಡೆಸಿ ಅಧ್ಯಯನ ಮಾಡಿದರು. ಅಂಥ ಪ್ರೀತಿಯಲ್ಲಿ ಬೆಳೆದವರು ಹೇಳಿದ ಕೆಲಸವನ್ನೇನೋ ಮಾಡುತ್ತಿದ್ದರು, ಆದರೆ ಒಳಗಿನ ಒತ್ತಡಕ್ಕೆ ಮಾಡುತ್ತಿದ್ದರು, ಹೆತ್ತವರ ಮೇಲೆ ಸಿಟ್ಟು ಇಟ್ಟುಕೊಂಡೇ ಮಾಡುತ್ತಿದ್ದರು.

ಬಡವರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಕೂಲಿ ಮಾಡಿ ಮಗನನ್ನು ಓದಿಸುವವರು "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ?" ಎಂದು ಕೇಳಿದರೆ, ಎಸಿ ರೂಮಿನಲ್ಲಿ ಕೂತು ಉಪದೇಶ ಮಾಡುವ ಧೈರ್ಯ ನನಗಿಲ್ಲ. ಬಿಳಿ ಕೋಟಿನ ಕನಸು ಕಾಣುವ ಹಕ್ಕು ಎಲ್ಲರಿಗಿಂತ ಮೊದಲು ಅವರದು. ಆದರೆ ಲೆಕ್ಕ ನೋಡಿ: 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದ ಎಲ್ಲ ಎಂಬಿಬಿಎಸ್ ಸೀಟು ಕೂಡಿಸಿದರೂ ಆಗ ಲಕ್ಷದ ಮೇಲೆ ಸ್ವಲ್ಪ. ಉಳಿದ ಇಪ್ಪತ್ತು ಲಕ್ಷಕ್ಕೂ ಮೀರಿದ ಮಕ್ಕಳು ಮನೆಗೆ ಏನು ಹೊತ್ತು ತರುತ್ತಾರೆ? ಎರಡು ವರ್ಷ ದಿನವೂ ಬೋರ್ಡಿನಲ್ಲಿ ಓದಿಕೊಂಡ 'ನಿನ್ನ ಕೈಲಾಗದು' ಎಂಬ ತೀರ್ಪನ್ನು. ಸಾಲ ಅಪ್ಪನ ತಲೆಗೆ, ತಪ್ಪು ಮಗುವಿನ ತಲೆಗೆ. ಫ್ಲೆಕ್ಸು ಹಾಕಿದವರಿಗೆ ಎರಡೂ ಇಲ್ಲ.

ಇದು ಉತ್ಪ್ರೇಕ್ಷೆ ಅನ್ನುವವರು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿ ತೆರೆಯಲಿ. 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ಪ್ರತಿ ಸಾವಿಗೂ ಕಾರಣ ಹಲವು, ಎಲ್ಲವನ್ನೂ ಪರೀಕ್ಷೆಯ ತಲೆಗೆ ಕಟ್ಟುವುದು ತಪ್ಪು. ಆದರೂ ಈ ಅಂಕಿ ಯಾವ ಸರ್ಕಲ್ಲಿನ ಫ್ಲೆಕ್ಸಿನಲ್ಲೂ ಬಂದದ್ದನ್ನು ನಾನು ಕಂಡಿಲ್ಲ.

ಕಾಲೇಜು ನಡೆಸುವವರೇ, ನಿಮ್ಮ ಲೆಕ್ಚರರುಗಳನ್ನು ಫಲಿತಾಂಶದ ಗುರಿ ಕೊಟ್ಟು ಓಡಿಸುತ್ತೀರಿ. 'ಮಕ್ಕಳ ಅಂಕಕ್ಕೆ ನೀವೇ ಹೊಣೆ' ಎಂದು ಹೇಳಿದ ಮಾತ್ರಕ್ಕೆ ಕಲಿಸುವವರ ಮಾತು, ಟೀಕೆ, ಆಜ್ಞೆ ಹೆಚ್ಚುತ್ತವೆ, ಕಲಿಯುವವರನ್ನು ತಾವೇ ಯೋಚಿಸಲು ಬಿಡುವ ಹೊತ್ತು ಕುಗ್ಗುತ್ತದೆ ಎಂದು 1982ರಷ್ಟು ಹಿಂದೆಯೇ ಡೆಸಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಬೋರ್ಡಿನಿಂದ ರ‍್ಯಾಂಕ್ ಪಟ್ಟಿ ಕೀಳಿ. ಅಂಕ ಆ ಮಗುವಿಗೂ ಅದರ ಮೇಷ್ಟರಿಗೂ ಗೊತ್ತಿದ್ದರೆ ಸಾಕು. ಸೆಕ್ಷನ್ ಒಡೆಯುವುದನ್ನು ನಿಲ್ಲಿಸಿ. ದಿನಕ್ಕೆ ಒಂದು ಗಂಟೆ ಮಕ್ಕಳದೇ ಆಗಿರಲಿ, ಆ ಹೊತ್ತು ವಾರ್ಡನ್ ಕೂಡ ಹೊರಗೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಪ್ರತಿ ಮಹಡಿಯಲ್ಲೂ ಬರೆಸಿ, ಅದಕ್ಕೆ ಕರೆ ಮಾಡಲು ಯಾರ ಅನುಮತಿಯೂ ಬೇಕಾಗದಂತೆ ಫೋನೊಂದನ್ನು ಇಡಿ.

ಅಪ್ಪ ಅಮ್ಮಂದಿರೇ, ಅರ್ಜಿ ತುಂಬುವ ಮುಂಚೆ ಮಗಳನ್ನು ಕೂರಿಸಿಕೊಂಡು ಕೇಳಿ. ಕೇಳಿ, ಸುಮ್ಮನಿರಿ. "ಆದರೂ..." ಎಂದು ಶುರು ಮಾಡಬೇಡಿ. ಗೊತ್ತಿಲ್ಲ ಅಂದರೆ ಅದೂ ಉತ್ತರವೇ, ಒಂದು ವಾರ ಬಿಟ್ಟು ಮತ್ತೆ ಕೇಳಿ. ಆರ್ಟ್ಸ್ ಅಂದರೆ ನೆಂಟರಿಗೆ ಏನು ಹೇಳುವುದು ಎಂಬುದು ನಿಮ್ಮ ಸಮಸ್ಯೆ, ಅದನ್ನು ಅವಳ ತಟ್ಟೆಗೆ ಬಡಿಸಬೇಡಿ. ಈಗಾಗಲೇ ಹಾಸ್ಟೆಲಿಗೆ ಸೇರಿಸಿ ಬಂದಿದ್ದರೆ, ಈ ಭಾನುವಾರ ಫೋನು ಬಂದಾಗ ವೀಕ್ಲಿ ಟೆಸ್ಟಿನ ಸುದ್ದಿಯನ್ನೇ ಎತ್ತಬೇಡಿ. ಯಾರು ಫ್ರೆಂಡ್ಸು, ಯಾವ ಪಾಠ ಖುಷಿ ಕೊಟ್ಟಿತು, ರಾತ್ರಿ ನಿದ್ದೆ ಬರುತ್ತದೆಯೇ ಎಂದು ವಿಚಾರಿಸಿ. ಒಂದು ವೇಳೆ ಆ ಕಡೆಯಿಂದ "ನಂಗಿಲ್ಲಿ ಆಗ್ತಿಲ್ಲಪ್ಪ, ವಾಪಸ್ ಬರ್ತೀನಿ" ಎಂಬ ಮಾತು ಬಂದರೆ, "ಅಷ್ಟು ಫೀಸು ಕಟ್ಟಿದೀವಲ್ಲೇ" ಎಂಬುದು ನಿಮ್ಮ ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಅದನ್ನು ಅಲ್ಲೇ ತಡೆದು, ದುಡ್ಡು ಹೋಯಿತು ಎಂದು ಬರೆದುಕೊಂಡು, ಸಿಕ್ಕಿದ ಮೊದಲ ಬಸ್ಸು ಹತ್ತಿ ಹೊರಡಿ.